ಕೈ ಕಟ್ಟಿದ ಕೇಬಲ್

ಡಿಕ್ಕಿಯೊಳಗೆ ಬಿದ್ದವನಿಗೆ ಎರಡು ಸದ್ದು ಚೆನ್ನಾಗಿ ಕೇಳಿಸುತ್ತವೆ. ಒಂದು ತನ್ನ ಎದೆಬಡಿತ. ಇನ್ನೊಂದು ಮುಂದಿನ ಸೀಟಿನ ದಡ್ಡರ ಮಾತು.

ಎದೆಬಡಿತದಲ್ಲಾದರೂ ಒಂದು ತಾಳವಿತ್ತು.

"ಕನೆಕ್ಟ್ ಆಗ್ತಿಲ್ಲ ಭಾವ."

"ಆಫ್ ಮಾಡಿ ಆನ್ ಮಾಡು."

"ಮಾಡ್ದೆ."

"ಇನ್ನೊಂದ್ಸಲ ಮಾಡು."

"ಎಷ್ಟ್ ಸಲ ಅಂತ ಮಾಡ್ಲಿ? ಅದಕ್ಕೂ ಬೇಜಾರಾಗಿದೆ."

ಮನುಷ್ಯನೊಬ್ಬನನ್ನು ಕಟ್ಟಿಹಾಕಿ, ಕಲ್ಲು ಕ್ವಾರಿಗೆ ಒಯ್ದು ಹೂಳಲು ಹೊರಟ ರೌಡಿಗಳ ಮಾತುಕತೆ ಇದು. ಒಬ್ಬ ಭಾವ, ಇನ್ನೊಬ್ಬ ಬಾಮೈದ. ಅಕ್ಕನನ್ನು ಕೊಡುವಾಗ ಮನೆಯಲ್ಲಿದ್ದ ಬುದ್ಧಿಯನ್ನೂ ಜೊತೆಗೇ ಕಳಿಸಿದ್ದರು ಅನ್ನಿಸುತ್ತದೆ... ಅದು ದಾರಿಯಲ್ಲಿ ಎಲ್ಲೋ ಬಿದ್ದುಹೋಗಿತ್ತು.

ಹೂಳಬೇಕಾದವನು ನಾನು.

ನನ್ನ ಕೆಲಸ ಹೇಳಿಬಿಡುತ್ತೇನೆ. ಕಾರಿನ ಸ್ಕ್ರೀನು, ಸ್ಪೀಕರು, ಬ್ಲೂಟೂತ್ ರಿಪೇರಿ. ಅದು ಅಂಗಡಿಯ ಬೋರ್ಡಿನ ಮೇಲಿರುವುದು. ಬೋರ್ಡಿನ ಮೇಲಿಲ್ಲದ್ದು, ಕಳುವಾದ ಕಾರು ಹುಡುಕಿಕೊಡುವುದು. ಈ ಕಾರು ಒಬ್ಬ ಹಲ್ಲಿನ ಡಾಕ್ಟರಮ್ಮನದು. ಕ್ಲಿನಿಕ್ಕಿನ ಮುಂದಿನಿಂದಲೇ ಹಾರಿಸಿದ್ದರು. ಕಾರಿನೊಳಗಿನ ಸಿಮ್ ಕಿತ್ತೆಸೆದಿದ್ದರು. ಹಾಗಾಗಿ ಕಾರು ಎಲ್ಲಿದೆಯೆಂದು ಡಾಕ್ಟರಮ್ಮನ ಫೋನಿನ ಆ್ಯಪ್‌ಗೂ ಗೊತ್ತಾಗುತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಹಳೇ ಕಾರುಗಳ ವ್ಯಾಪಾರಿಯೊಬ್ಬನ ಯಾರ್ಡಿನಲ್ಲಿ ಗಿರಾಕಿಯ ಸೋಗಿನಲ್ಲಿ ಇದರೊಳಗೆ ಕೂತು ಬಟನ್ ಒತ್ತಿದೆ. ಕಾರು ಹೆಣ್ಣುದನಿಯಲ್ಲಿ ಉಲಿಯಿತು. "ಸ್ವಾಗತ, ಡಾಕ್ಟರ್."

ನಾನು ನಕ್ಕೆ. ವ್ಯಾಪಾರಿಯೂ ನಕ್ಕ.

ಆಮೇಲೆ ನನ್ನ ಹಿಂದಲೆಗೆ ಏನೋ ಬಿತ್ತು.

ಈಗ ಮಧ್ಯಾಹ್ನ. ಕಾರು ಅದೇ ರಸ್ತೆಗಳಲ್ಲಿ ಗಿರಕಿ ಹೊಡೆಯುತ್ತಿತ್ತು. ಒಂದೇ ರೋಡ್ ಹಂಪಿಗೆ ನನ್ನ ತಲೆ ಮತ್ತೆ ಮತ್ತೆ ಅಡ್ಡಬೀಳುತ್ತಿತ್ತು.

"ಅಣ್ಣ ಲೊಕೇಶನ್ ಕಳಿಸಿದಾರಲ್ಲ, ಫೋನಲ್ಲೇ ನೋಡಿ ದಾರಿ ಹೇಳೋ," ಎಂದ ಭಾವ. ಅಣ್ಣ ಅಂದರೆ ಆ ವ್ಯಾಪಾರಿ.

"ಓಡೋ ಕಾರಲ್ಲಿ ಫೋನ್ ನೋಡಿದ್ರೆ ನಂಗೆ ವಾಂತಿ ಬರುತ್ತೆ. ನೀವೇ ನೋಡಿ."

"ಕನ್ನಡಕ ಮನೇಲಿದೆ. ಅದೇ ಮಾತಾಡೋ ಹಾಗೆ ಇಡು."

"ಸ್ಪೀಕರ್ ಕೆಟ್ಟಿದೆ. ನಿಮ್ಮ ಮಗಳು ಫೋನನ್ನ ಬಕೆಟ್‌ಗೆ ಹಾಕಿದ್ಲು. ಯಾರನ್ನಾದ್ರೂ ದಾರಿ ಕೇಳೋಣ ಭಾವ."

"ಏನಂತ ಕೇಳ್ತೀಯ? ಹೆಣ ಹೂಳಬೇಕಿತ್ತು, ಕ್ವಾರಿಗೆ ಹೇಗೆ ಹೋಗೋದು ಅಂತಾನಾ?"

ನನಗೆ ಸಾವಿಗಿಂತ ಇದನ್ನು ಕೇಳಿಸಿಕೊಳ್ಳುವುದು ಕಷ್ಟವಾಯಿತು.

"ಚಾರ್ಜ್ ಆಗ್ತಿದೆಯಾ?" ಎಂದು ಕೂಗಿದೆ.

ಕಾರಿನ ವೇಗ ತಟ್ಟನೆ ತಗ್ಗಿತು.

"ಯಾರದು?" ಎಂದ ಬಾಮೈದ.

"ಡಿಕ್ಕಿ."

"ಚಾರ್ಜ್ ಆಗ್ತಿದೆ. ಆದ್ರೆ ಸ್ಕ್ರೀನ್ ಮೇಲೆ ಏನೂ ಬರ್ತಿಲ್ಲ." ಕಸ್ಟಮರ್ ಕೇರಿಗೆ ಹೇಳುವಷ್ಟು ವಿನಯವಾಗಿ ಹೇಳಿದ.

"ಯಾವ ಕೇಬಲ್ ಹಾಕಿದೀರಿ?"

"ಈಗ ಬಂಕ್ ಹತ್ರ ತಗೊಂಡಿದ್ದು."

"ಅದರಲ್ಲಿ ಬರೀ ಕರೆಂಟ್ ಹೋಗುತ್ತೆ. ಡೇಟಾ ಹೋಗಲ್ಲ. ಕಾರಿನ ಜೊತೆ ಬಂದಿತ್ತಲ್ಲ, ಆ ಕೇಬಲ್ ಬೇಕು."

"ಅದೆಲ್ಲಿದೆ?"

"ನನ್ನ ಕೈಗೆ ಸುತ್ತಿದೀರಲ್ಲಪ್ಪ."

ಭಾವನ ದನಿ ಮೆಲ್ಲಗಾಯಿತು. "ಲೇ... ಅದನ್ನ ಯಾಕೋ ಕಟ್ಟಿದೆ?"

"ಹಗ್ಗ ಸಿಗ್ಲಿಲ್ಲ ಭಾವ."

ಗೋಡೌನೊಂದರ ಹಿಂದೆ ಕಾರು ನಿಂತಿತು. ಡಿಕ್ಕಿ ತೆರೆಯಿತು. ಭಾವ ಇಸ್ತ್ರಿ ಮಾಡಿದ ಶರಟಿನವನು. ಬಾಮೈದನ ತೋಳು ತೊಡೆಯಷ್ಟಿತ್ತು, ಕೈಯಲ್ಲಿ ವ್ಹೀಲ್ ಸ್ಪ್ಯಾನರ್. ಕೇಬಲ್ ಬಿಚ್ಚಿದರು. ಹಿಂದಿನ ಸೀಟಿನಲ್ಲಿ ಕೂರಿಸಿದರು. ಪಕ್ಕದಲ್ಲಿ ಬಾಮೈದ ಕೂತ.

ಫೋನಿನ ಚಾರ್ಜಿಂಗ್ ತೂತಿನಲ್ಲಿ ಜೇಬಿನ ಕಸವೆಲ್ಲ ತುಂಬಿತ್ತು. ಊದಿ ತೆಗೆದೆ. ಕೇಬಲ್ ಸಿಕ್ಕಿಸಿದೆ. ಸ್ಕ್ರೀನಿನ ಮೇಲೆ ಮ್ಯಾಪ್ ಅರಳಿತು. "ಇನ್ನೂರು ಮೀಟರ್ ಮುಂದೆ ಎಡಕ್ಕೆ ತಿರುಗಿ," ಎಂದಳು ಮ್ಯಾಪಿನವಳು.

ಭಾವ ಭಕ್ತಿಯಿಂದ ತಲೆಯಾಡಿಸಿದ. ಮನೆಯಲ್ಲಿ ಹೆಂಡತಿಯ ಒಂದು ಮಾತನ್ನೂ ಕೇಳದ ಮುಖ ಅದು.

"ಆಯ್ತಲ್ಲ, ನಡಿ ಡಿಕ್ಕಿಗೆ," ಎಂದ.

"ಸೆಟ್ಟಿಂಗ್ ಮುಗಿದಿಲ್ಲ ಯಜಮಾನ್ರೆ. ನಡುದಾರೀಲಿ ಕಟ್ ಆದ್ರೆ ಮತ್ತೆ ಡಿಕ್ಕಿ ತಟ್ಟಿ ಕೇಳ್ತೀರಾ? ಅದು ಏನೇನೋ ಕೇಳುತ್ತೆ. ಅಲೌ ಅಂತ ಒತ್ತುತ್ತಾ ಹೋಗಬೇಕು, ಅಷ್ಟೆ."

ಕಾರು ಹೊರಟಿತು. ಬಾಮೈದ ಎರಡು ಸೀಟುಗಳ ನಡುವೆ ಬಗ್ಗಿ ಒತ್ತತೊಡಗಿದ. ಕಾಂಟ್ಯಾಕ್ಟ್ಸ್ ನೋಡಲೇ? ಅಲೌ. ಮೆಸೇಜ್ ಓದಲೇ? ಅಲೌ. ಈ ಫೋನಿನ ಇಂಟರ್ನೆಟ್ಟನ್ನು ಕಾರಿಗೆ ಹಂಚಲೇ?

ಅಲೌ.

ಇಂಟರ್ನೆಟ್ ಸಿಕ್ಕ ತಕ್ಷಣ ಇಂಥ ಕಾರು ಮೊದಲು ಮಾಡುವ ಕೆಲಸ, ತಾನು ಎಲ್ಲಿದ್ದೇನೆಂದು ಒಡತಿಯ ಫೋನಿಗೆ ಹೇಳುವುದು. ಕಿತ್ತ ಸಿಮ್‌ನ ಕೆಲಸವನ್ನು ಈ ಭೂಪ ತನ್ನ ಸ್ವಂತ ಬೆರಳಿನಿಂದ ಮಾಡಿಕೊಟ್ಟಿದ್ದ.

ಆದರೆ ಡಾಕ್ಟರಮ್ಮ ಫೋನ್ ನೋಡಬೇಕಲ್ಲ? ಆಕೆಯ ಕೈ ಸದಾ ಇನ್ನೊಬ್ಬರ ಬಾಯಲ್ಲಿ. ಕುರ್ಚಿಯಲ್ಲಿ ಪೇಷಂಟ್ ಇದ್ದರೆ ನನ್ನ ಕತೆ ಮುಗಿಯಿತು. ಯಾರದೋ ಹುಳುಕು ದವಡೆಹಲ್ಲಿನ ಮೇಲೆ ನನ್ನ ಪ್ರಾಣ ನಿಂತಿತ್ತು...

"ಭಾವ," ಎಂದ ಬಾಮೈದ. ಮುಖ ಹಸಿರಾಗಿತ್ತು. "ನಿಲ್ಸಿ. ಬಗ್ಗಿ ಓದಿದ್ದಕ್ಕೆ... ಬರ್ತಿದೆ."

ಓದಿದ್ದನಂತೆ. ಓದಿದ್ದರೆ ನಾನು ಇವತ್ತು ಇದನ್ನು ಹೇಳುತ್ತಿರಲಿಲ್ಲ.

ಭಾವ ನಿಲ್ಲಿಸಿದ. ಇಂಜಿನ್ನನ್ನೂ ಆರಿಸಿದ. ಕದ್ದ ಕಾರಿನಲ್ಲೂ ಪೆಟ್ರೋಲ್ ಉಳಿಸುವ ಸದ್ಗೃಹಸ್ಥ. ಬಾಮೈದ ಸ್ಪ್ಯಾನರ್ ಹಿಡಿದೇ ಇಳಿದು, ಬಾಗಿಲು ಬಡಿದು ಚರಂಡಿಯ ಕಡೆ ಓಡಿದ. ನನ್ನ ಕಡೆಯ ಬಾಗಿಲಿಗೆ ಒಳಗಿನಿಂದ ತೆರೆಯದ ಚೈಲ್ಡ್ ಲಾಕ್, ಅವನ ಕಡೆ ಇಳಿದರೆ ಸ್ಪ್ಯಾನರ್.

ಅವನು ಅಲ್ಲಿ ಒಳಗಿದ್ದುದನ್ನೆಲ್ಲ ಕಕ್ಕುತ್ತಿರುವಾಗ ಭಾವ ಸ್ಟಾರ್ಟ್ ಬಟನ್ ಒತ್ತಿದ. ಏನೂ ಆಗಲಿಲ್ಲ. ಮತ್ತೆ ಒತ್ತಿದ. ಸ್ಕ್ರೀನಿನಲ್ಲಿ ಕೆಂಪಕ್ಷರ ಮೂಡಿತು. ಭಾವ ಕಣ್ಣು ಕಿರಿದು ಮಾಡಿದ. ಕನ್ನಡಕ ಮನೆಯಲ್ಲಿತ್ತು.

"ಏನಂತೆ ಅದು?"

'ಈ ವಾಹನವನ್ನು ಒಡತಿ ಲಾಕ್ ಮಾಡಿದ್ದಾರೆ.' ಅದು ಬರೆದಿದ್ದು.

"ಅಪ್‌ಡೇಟ್ ಆಗ್ತಿದೆ, ದಯವಿಟ್ಟು ಕಾಯಿರಿ," ಎಂದು ಓದಿದೆ.

"ಓ," ಎಂದ ಭಾವ. ಕೈಕಟ್ಟಿ ಕಾದ. ಅಪ್‌ಡೇಟ್ ಅಂದರೆ ಸಾಕು... ಕೊಲೆಗಾರನೂ ಸಾಲಿನಲ್ಲಿ ನಿಲ್ಲುತ್ತಾನೆ.

ಆಗ ಕಾಲ್ ಬಂತು. ನಾನೇ ಮಾಡಿಕೊಟ್ಟ ಕನೆಕ್ಷನ್ ಅಲ್ಲವೇ, ವ್ಯಾಪಾರಿಯ ದನಿ ನಾಲ್ಕೂ ಸ್ಪೀಕರಿನಿಂದ ಬಂತು.

"ಎಲ್ಲಿ ಸತ್ರೋ? ನಾನು ಕ್ವಾರಿಗೆ ಬಂದು ಎಷ್ಟೊತ್ತಾಯ್ತು."

"ಕಾರು ಅಪ್‌ಡೇಟ್ ಆಗ್ತಿದೆ ಅಣ್ಣ. ಮೆಕ್ಯಾನಿಕ್ ಹೇಳ್ದ."

"ಯಾವ ಮೆಕ್ಯಾನಿಕ್?"

"ಇವನೇ. ಪಾಪ, ಎಲ್ಲ ಕನೆಕ್ಟ್ ಮಾಡ್ಕೊಟ್ಟ."

ಸ್ಪೀಕರುಗಳು ಒಮ್ಮೆಲೇ ಅದುರಿದವು.

"ಅವನ ಕೈ ಬಿಚ್ಚಿದ್ದೀರಾ? ಅಯ್ಯೋ ಕತ್ತೆಗಳಾ... ಮುಗಿಸ್ರೋ ಅವನನ್ನ! ಅಲ್ಲೇ, ಈಗಲೇ!"

ಭಾವ ಬಾಗಿಲ ಸಂದಿಯಿಂದ ಚಾಕು ಎಳೆದ. ಹಿಂದಕ್ಕೆ ತಿರುಗಿ ಬೀಸಿದ. ಬೀಸಲು ಆಗಲಿಲ್ಲ. ಸೀಟ್ ಬೆಲ್ಟ್ ಹಿಡಿದುಕೊಂಡಿತ್ತು. ಕೊಲೆಗೆ ಹೊರಟವನು ಬೆಲ್ಟ್ ಹಾಕಿಕೊಂಡಿದ್ದ.

ನಾನು ಆ ಬೆಲ್ಟನ್ನೇ ಹಿಂದಿನಿಂದ ಎತ್ತಿ ಅವನ ಕತ್ತಿಗೆ ಸುತ್ತಿ ಎಳೆದೆ. ಸೀಟಿಗೆ ಕಾಲು ಕೊಟ್ಟು ಎಳೆದೆ. ಚಾಕು ಎಲ್ಲೋ ಬಿತ್ತು. ಬಾಮೈದ ಸದ್ದು ಕೇಳಿ ಬಾಯೊರೆಸಿಕೊಳ್ಳುತ್ತಾ ಓಡಿಬಂದ.

ಟಕ್.

ಬಾಗಿಲುಗಳು ತಾವಾಗಿ ಲಾಕ್ ಆದವು. ದೇವರು ಒಬ್ಬನಿದ್ದರೆ ಅವನ ಕೈಯಲ್ಲಿ ಹಲ್ಲು ಕೀಳುವ ಇಕ್ಕಳವಿರುತ್ತದೆ. ಬಾಮೈದ ಸ್ಪ್ಯಾನರಿನಿಂದ ಗಾಜಿಗೆ ಬಾರಿಸತೊಡಗಿದ. ಧಡ್. ಧಡ್.

"ಏನದು ಸದ್ದು?" ಎಂದ ವ್ಯಾಪಾರಿ. ಲೈನಿನಲ್ಲೇ ಇದ್ದ.

ಕಾರಿನ ಮೈಕಿನಲ್ಲಿ ಯಾರ ದನಿಯೂ ಡಬ್ಬದೊಳಗಿನಿಂದ ಬಂದಂತೆ ಇರುತ್ತದೆ. ನಾನು ಮೂಗಿನಿಂದಲೇ ಭಾವನ ದನಿ ತೆಗೆದೆ. ನಿಜವಾದ ಭಾವ ನನ್ನ ಕೈಯಲ್ಲಿ ಗೊರಗುಟ್ಟುತ್ತಿದ್ದ.

"ಅವನ ತಲೆ ಅಣ್ಣ."

ಧಡ್. ಗಾಜು ಜೇಡರಬಲೆಯಾಯಿತು.

"ಗಟ್ಟಿ ಇದೆಯಲ್ಲೋ."

"ಹ್ಞೂಂ ಅಣ್ಣ. ವಿದ್ಯಾವಂತರ ತಲೆ. ಈಗ ಬರ್ತೀವಿ, ಅಲ್ಲೇ ಇರಿ."

"ಬೇಗ ಬಾ," ಎಂದು ಲೈನ್ ಕಡಿದ.

ಗಾಜು ಒಳಕ್ಕೆ ಸುರಿಯಿತು. ಬಾಮೈದನ ಕೈ ನನ್ನ ಕೂದಲಿಗೆ ಬಂತು. ಸ್ಪ್ಯಾನರ್ ಮೇಲೆದ್ದಿತು... ಅಷ್ಟರಲ್ಲಿ ಗೋಡೌನಿನ ತಿರುವಿನಿಂದ ಪೊಲೀಸ್ ಜೀಪು ನುಗ್ಗಿತು. ಬಾಮೈದ ಸ್ಪ್ಯಾನರ್ ಬಿಸಾಕಿ ಓಡಿದ. ನಾಲ್ಕು ಹೆಜ್ಜೆ ಹಾಕಿ ಮತ್ತೆ ವಾಂತಿಗೆ ಕೂತ. ಪೊಲೀಸರು ಅದು ಮುಗಿಯುವವರೆಗೆ ಕಾದು ಕೈಕೋಳ ಹಾಕಿದರು.

ಜೀಪಿನಿಂದ ಡಾಕ್ಟರಮ್ಮ ಇಳಿದರು. ಕೈಯಲ್ಲಿ ಇನ್ನೂ ಗ್ಲೌಸ್. ನಾವು ಇಷ್ಟು ಹೊತ್ತು ಗಿರಕಿ ಹೊಡೆದದ್ದು ಅವರ ಕ್ಲಿನಿಕ್ಕಿನ ಸುತ್ತಲೇ ಅಂತೆ.

"ಒಂದು ಹಲ್ಲು ಅರ್ಧಕ್ಕೆ ಬಿಟ್ಟು ಬಂದಿದೀನಿ," ಎಂದರು. "ಬೇಗ ಆಗುತ್ತಾ?"

"ಆಗುತ್ತೆ. ಲಾಕ್ ತೆಗೀರಿ. ಕ್ವಾರೀಲಿ ಇನ್ನೊಬ್ಬ ಕಾಯ್ತಿದಾನೆ."

ಬೆಲ್ಟಿಗೆ ಸಿಕ್ಕಿ ಕೆಮ್ಮುತ್ತಿದ್ದ ಭಾವನನ್ನು ಇಳಿಸಿ ಬಾಮೈದನ ಜೊತೆ ಜೀಪಿಗೆ ಹಾಕಿದರು. ಇನ್‌ಸ್ಪೆಕ್ಟರ್ ಸ್ಟಿಯರಿಂಗ್ ಹಿಡಿದರು, ಮಫ್ತಿಯಲ್ಲಿ. ನಾನು ಪಕ್ಕದಲ್ಲಿ ಕೂತೆ. ಮ್ಯಾಪಿನವಳು ಒಂದು ತಿರುವೂ ತಪ್ಪಿಸದೆ ಕ್ವಾರಿಗೆ ಕರೆದೊಯ್ದಳು.

ವ್ಯಾಪಾರಿ ಬಿಳಿ ಶೂ ಹಾಕಿಕೊಂಡು ಗುಂಡಿಯ ಪಕ್ಕ ನಿಂತಿದ್ದ. ಕಾರು ಬಂದಾಗ ಒಳಗೆ ಯಾರಿದ್ದಾರೆಂದು ನೋಡಲಿಲ್ಲ. ನೇರ ಹಿಂದೆ ಹೋಗಿ ಡಿಕ್ಕಿ ತಟ್ಟಿದ.

"ಉಸಿರು ನಿಂತಿದೆ ತಾನೆ?"

ಗಾಜಿಲ್ಲದ ಕಿಟಕಿಯಿಂದ ಭಾವನ ದನಿಯಲ್ಲಿ ಹೇಳಿದೆ. "ಇಲ್ಲ ಅಣ್ಣ. ತಿರುಗಿ ನೋಡಿ, ನಿಮ್ಮದು ನಿಲ್ಲುತ್ತೆ."

ತಿರುಗಿದ. ಇನ್‌ಸ್ಪೆಕ್ಟರ್ ಕೋಳ ಹಾಕಿದರು. ಡಾಕ್ಟರಮ್ಮನ ಪೇಷಂಟ್ ಬಾಯಿ ತೆರೆದುಕೊಂಡೇ ಕಾಯುತ್ತಿದ್ದಿರಬೇಕು. ಇವನೂ ಹಾಗೇ ನಿಂತಿದ್ದ.

ನಾನು ಗುಂಡಿಯೊಳಗೆ ಇಣುಕಿದೆ. ನನ್ನ ಅರ್ಧಕ್ಕೂ ಸಾಲದಂತೆ ತೋಡಿದ್ದರು. ನೋಡಿ, ನನ್ನನ್ನು ಕೊಲ್ಲಿಸಹೊರಟ ಎಂದು ನನಗೆ ಅವನ ಮೇಲೆ ಸಿಟ್ಟಿಲ್ಲ, ಅದು ಅವನ ವ್ಯಾಪಾರ. ಕೆಲಸ ಬಾರದವರ ಕೈಗೆ ಕೊಟ್ಟನಲ್ಲ... ಆ ಅವಮಾನ ಮಾತ್ರ ಇನ್ನೂ ಆರಿಲ್ಲ.