ಬುಗುರಿಯ ಜಿಪ್ ಅಂಗಡಿ

"ಇದನ್ನ ಎಳೆಯೋದು ಹೇಗೆ?" ಕ್ಲಾಸ್ ಲೀಡರ್ ತನ್ನ ಬ್ಯಾಗನ್ನು ಮೇಜಿನ ಮೇಲಿಟ್ಟು ಕೇಳಿದ.

ಬುಗುರಿ ಬಗ್ಗಿ ನೋಡಿದಳು. ಅವಳು ಆಗಷ್ಟೇ ರಿಪೇರಿ ಮಾಡಿಕೊಟ್ಟಿದ್ದ ಜಿಪ್ಪೇನೋ ಚೆನ್ನಾಗಿಯೇ ಮುಚ್ಚಿಕೊಂಡಿತ್ತು. ಎಳೆಯುವ ಹಿಡಿ ಮಾತ್ರ ಬ್ಯಾಗಿನ ಒಳಗಡೆ ಇತ್ತು.

"ಬ್ಯಾಗ್ ತೆಗೀಬೇಕು ಅಂದ್ರೆ ಮೊದ್ಲು ನಾನೇ ಒಳಗೆ ಹೋಗಿ ಕೂತ್ಕೋಬೇಕಾ?" ಎಂದ ಲೀಡರ್.

ಸುತ್ತ ಇದ್ದವರೆಲ್ಲ ಬಿದ್ದು ಬಿದ್ದು ನಕ್ಕರು. ಬುಗುರಿಯ ಕಿವಿ ಕೆಂಪಾಯಿತು.

ಅಂದು ಶಾಲೆಯ ಅಂಗಳದಲ್ಲಿ ಮಕ್ಕಳ ಮಾರ್ಕೆಟ್. ಐದನೇ ಕ್ಲಾಸಿನವರೆಲ್ಲ ಒಂದೊಂದು ಅಂಗಡಿ ಇಟ್ಟಿದ್ದರು. ಒಬ್ಬರದು ಜ್ಯೂಸ್, ಇನ್ನೊಬ್ಬರದು ಕಾಗದದ ಹೂವು. ನಮ್ಮ ಬುಗುರಿಯದು ಜಿಪ್ ರಿಪೇರಿ. ಅವಳ ನಿಜವಾದ ಹೆಸರು ಹಾಜರಿ ಕೂಗುವಾಗ ಬಿಟ್ಟರೆ ಯಾರಿಗೂ ನೆನಪಾಗುವುದಿಲ್ಲ. ಒಂದು ಕಡೆ ನಿಲ್ಲುವುದೆಂದರೆ ಅವಳಿಗೆ ಆಗದ ಮಾತು.

ಅವಳ ಅಮ್ಮ ಟೈಲರ್. ಮನೆಯ ಮುಂದಿನ ಕೋಣೆಯೇ ಅಂಗಡಿ. ಅಮ್ಮನ ಪಕ್ಕ ಕೂತು ಕೆಲಸ ಮಾಡಬೇಕೆಂದು ಬುಗುರಿಗೆ ತುಂಬಾ ಆಸೆ. ಆದರೆ ಹೋದ ತಿಂಗಳು ಅಮ್ಮ ಅತ್ತ ಹೋದಾಗ ಯಾರದೋ ಪ್ಯಾಂಟನ್ನು ಗಡಿಬಿಡಿಯಲ್ಲಿ ಕತ್ತರಿಸಿ, ಒಂದು ಕಾಲನ್ನು ಗಿಡ್ಡ ಮಾಡಿಟ್ಟಿದ್ದಳು. ಅಲ್ಲಿಗೆ ಅವಳ ಕೆಲಸಕ್ಕೆ ಕತ್ತರಿ ಬಿತ್ತು.

"ಇನ್ಮೇಲೆ ಗಿರಾಕಿಗಳ ಬಟ್ಟೆ ಮುಟ್ಟಬೇಡ," ಎಂದಿದ್ದಳು ಅಮ್ಮ. ಬುಗುರಿ ಕಾಡಿ ಬೇಡಿದ ಮೇಲೆ ಸ್ವಲ್ಪ ಕರಗಿದಳು. "ಆಯ್ತು, ಮಾರ್ಕೆಟ್‌ನಲ್ಲಿ ಒಬ್ಬಳೇ ಮಾಡು. ಮುಗಿಯೋ ಹೊತ್ತಿಗೆ ಬರ್ತೀನಿ. ನಿನ್ ಕೆಲಸ ನೋಡಿ ಆಮೇಲೆ ಹೇಳ್ತೀನಿ."

ಈಗ ಅಮ್ಮ ಬಂದು ನೋಡಬೇಕಾದದ್ದು ಇದನ್ನು. ಬ್ಯಾಗ್ ಹಿಡಿದು ಸಾಲಿನಲ್ಲಿ ನಿಂತಿದ್ದವರು ಒಬ್ಬೊಬ್ಬರಾಗಿ ಜ್ಯೂಸ್ ಅಂಗಡಿಯ ಕಡೆ ಜಾರಿಕೊಂಡರು.

ಜಿಪ್ಪೇ ಸರಿ ಇಲ್ಲ ಎಂಬ ಮಾತು ಬುಗುರಿಯ ನಾಲಿಗೆಯ ತುದಿಗೆ ಬಂದಿತ್ತು. ಅದನ್ನು ನುಂಗಿಕೊಂಡಳು.

"ತಪ್ಪು ನಂದೇ. ಬಿಚ್ಚಿ ಮತ್ತೆ ಮಾಡ್ಕೊಡ್ತೀನಿ."

"ಬೇಡಮ್ಮ ತಾಯಿ, ಬ್ಯಾಗ್ ಉಳಿದ್ರೆ ಸಾಕು," ಎಂದ ಲೀಡರ್. ಆದರೆ ತೆಗೆಯಲಾಗದ ಬ್ಯಾಗನ್ನು ಹೊತ್ತುಕೊಂಡು ಹೋಗಿ ಮಾಡುವುದೇನು? ಅದರೊಳಗೆ ಟಿಫಿನ್ ಬಾಕ್ಸ್ ಬೇರೆ ಇತ್ತು. "ಊಟದ ಬೆಲ್ ಹೊಡೆಯೋದ್ರೊಳಗೆ ಕೊಡು," ಎಂದು ಗೊಣಗುತ್ತ ಹೋದ.

ಬುಗುರಿಯ ಕೈ ಆಗಲೇ ಕತ್ತರಿಯ ಕಡೆ ಓಡಿತ್ತು. ಅವಳು ಕೈಗಳೆರಡನ್ನೂ ಹಿಂದಕ್ಕೆಳೆದು ತೊಡೆಯ ಕೆಳಗೆ ಸಿಕ್ಕಿಸಿಕೊಂಡಳು. ಕೂತು ಬರೀ ನೋಡಿದಳು. ಕೈಗಳು ಮಿಸುಕಾಡಿದವು. ಅವಳು ಬಿಡಲಿಲ್ಲ.

ನೋಡುತ್ತ ನೋಡುತ್ತ ಎಲ್ಲಿ ಎಡವಟ್ಟಾಯಿತೆಂದು ಗೊತ್ತಾಯಿತು. ಹೊಲಿಗೆ ಹಾಕಲು ಬ್ಯಾಗಿನ ಒಳಮೈಯನ್ನು ಹೊರಗೆ ತಿರುಗಿಸಿಕೊಂಡಿದ್ದಳು. ಜಿಪ್ಪಿನ ಹಲ್ಲುಗಳನ್ನು ಕೂಡಿಸುವ ರನ್ನರನ್ನೂ ಹಾಗೆಯೇ, ಒಳಮೈಯ ಕಡೆಯಿಂದ ಏರಿಸಿಬಿಟ್ಟಿದ್ದಳು. ಆಮೇಲೆ ಬ್ಯಾಗನ್ನು ಸರಿಯಾಗಿ ತಿರುಗಿಸಿ, ಟಿಫಿನ್ ಬಾಕ್ಸ್ ಒಳಗಿಟ್ಟು, ರನ್ನರನ್ನು ತಳ್ಳಿ ಮುಚ್ಚಿದಾಗ ಹಿಡಿ ಒಳಗೇ ಉಳಿದಿತ್ತು.

ಅಂಚಿನ ಹೊಲಿಗೆ ಬಿಚ್ಚಿದಳು. ರನ್ನರನ್ನು ಹೊರತೆಗೆದು, ಹಿಡಿ ಹೊರಗೆ ಬರುವಂತೆ ತಿರುಗಿಸಿದಳು. ಎರಡೂ ಕಡೆಯ ಹಲ್ಲುಗಳನ್ನು ಸಮಕ್ಕೆ ಹಿಡಿದು ಮೆಲ್ಲಗೆ ಏರಿಸಿದಳು. ತುದಿಯನ್ನು ಬಿಗಿಯಾಗಿ ಹೊಲಿದಳು.

ಬೆಲ್ ಹೊಡೆಯಿತು. ಲೀಡರ್ ಓಡಿ ಬಂದು ಜಿಪ್ ಎಳೆದ. ಸರ್ರನೆ ತೆರೆಯಿತು. ಮುಚ್ಚಿದ, ಮತ್ತೆ ತೆರೆದ. ಹಸಿವನ್ನೂ ಮರೆತು ಆಡತೊಡಗಿದ.

ಅಷ್ಟರಲ್ಲಿ ಪಿ.ಟಿ. ಮೇಷ್ಟ್ರು ದೊಡ್ಡ ಕಿಟ್ ಬ್ಯಾಗನ್ನು ತಬ್ಬಿಕೊಂಡು ಬಂದರು. ಹಿಂದೆ ಒಂದು ಫುಟ್‌ಬಾಲ್ ಉರುಳಿಕೊಂಡು ಬಂತು.

"ಇಲ್ಲಿ ರಿಪೇರಿ ಮಾಡೋರು ಯಾರು?"

"ಇವಳೇ ಸರ್," ಎಂದ ಲೀಡರ್. "ಮೊದ್ಲು ಕೆಡಿಸ್ತಾಳೆ, ಆಮೇಲೆ ತುಂಬಾ ಚೆನ್ನಾಗಿ ಮಾಡ್ತಾಳೆ."

"ಸಂಜೆ ಮ್ಯಾಚ್ ಇದೆ ಕಣಮ್ಮ. ನೇರ ಎರಡನೇದನ್ನೇ ಮಾಡಿಬಿಡು."

ಬುಗುರಿಗೂ ನಗು ಬಂತು. ಆದರೂ ಕೈಗಳನ್ನು ತೊಡೆಯ ಕೆಳಗೆ ಸೇರಿಸಿಯೇ ಬ್ಯಾಗ್ ನೋಡಿದಳು. ರನ್ನರ್ ಸಡಿಲವಾಗಿತ್ತು. ಒಂದೇ ಸಲ ಜೋರಾಗಿ ಅದುಮಿದರೆ ಮುರಿಯುತ್ತದೆ. ಇಕ್ಕಳದಿಂದ ಚೂರು ಅದುಮಿ, ಎಳೆದು ನೋಡಿ, ಮತ್ತೆ ಚೂರು ಅದುಮಿದಳು. ಜಿಪ್ ಕಚ್ಚಿ ಹಿಡಿಯಿತು. ಮೇಷ್ಟ್ರು ಬ್ಯಾಗನ್ನು ತಲೆಕೆಳಗು ಮಾಡಿ ಕುಲುಕಿದರು. ಒಂದು ಚೆಂಡೂ ಬೀಳಲಿಲ್ಲ.

"ಭೇಷ್," ಎಂದರು, ಇಡೀ ಅಂಗಳಕ್ಕೆ ಕೇಳುವಂತೆ.

ಜ್ಯೂಸ್ ಅಂಗಡಿಗೆ ಹೋದವರೆಲ್ಲ ಬಾಯಿ ಒರೆಸಿಕೊಳ್ಳುತ್ತ ವಾಪಸ್ ಬಂದರು. ಸಾಲು ನಲ್ಲಿಯವರೆಗೂ ಬೆಳೆಯಿತು. "ತಳ್ಳಬೇಡ್ರೋ, ಮೇಡಂ ನಿಧಾನವಾಗಿ ಮಾಡ್ತಾರೆ," ಎಂದು ಲೀಡರ್ ತಾನೇ ಸಾಲು ಸರಿಮಾಡಿದ. ಬುಗುರಿಗೆ ಒಳಗೊಳಗೇ ಹಿಗ್ಗು ತಡೆಯಲಾಗಲಿಲ್ಲ.

ಅಮ್ಮ ಬಂದಾಗ ಅವಳು ಕೊನೆಯ ಬ್ಯಾಗಿಗೆ ಹೊಲಿಗೆ ಹಾಕುತ್ತಿದ್ದಳು. ತಲೆ ಎತ್ತಲೂ ಇಲ್ಲ. ಅಮ್ಮ ಅದು ಮುಗಿಯುವವರೆಗೆ ಕಾದು, ಬ್ಯಾಗನ್ನು ತೆಗೆದುಕೊಂಡು ಒಳಮೈ ತಿರುಗಿಸಿ ಹೊಲಿಗೆಯ ಮೇಲೆ ಬೆರಳಾಡಿಸಿದಳು.

"ಮೊದಲ್ನೇದು ಉಲ್ಟಾ ಆಗಿತ್ತಮ್ಮ," ಎಂದಳು ಬುಗುರಿ.

"ಗೇಟಲ್ಲೇ ಹೇಳಿದ್ರು. ನಾಲ್ಕು ಜನ." ಅಮ್ಮನ ಮುಖ ಅರಳಿತ್ತು. "ನಾಳೆ ಸ್ಕೂಲ್ ಬಿಟ್ಮೇಲೆ ಕೈ ತೊಳ್ಕೊಂಡು ಅಂಗಡಿಗೆ ಬಾ. ಕೆಲಸ ಇದೆ."

ಮರುದಿನ ಸಂಜೆ ಬುಗುರಿ ಅಮ್ಮನ ಪಕ್ಕದ ಸ್ಟೂಲ್ ಮೇಲೆ ಕೂತಳು. ಯಾರೋ ಕೊಟ್ಟ ನೀಲಿ ಬಟ್ಟೆಯನ್ನು ಅಮ್ಮ ಮೇಜಿನ ಮೇಲೆ ಹರಡಿದ್ದಳು. ಕತ್ತರಿ ಕೈಗೆ ತೆಗೆದುಕೊಂಡಿರಲಿಲ್ಲ. ಸುಮ್ಮನೆ ನೋಡುತ್ತಿದ್ದಳು.

ಬೇರೆ ದಿನವಾಗಿದ್ದರೆ, "ಏನಮ್ಮ, ಸುಮ್ನೆ ಕೂತ್ಬಿಟ್ಟೆ?" ಎಂದು ಬುಗುರಿ ಪೀಡಿಸುತ್ತಿದ್ದಳು.

ಇವತ್ತು ಅವಳು ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡು, ಅಮ್ಮನ ಜೊತೆ ತಾನೂ ಬಟ್ಟೆಯನ್ನು ನೋಡುತ್ತ ಕೂತಳು.