ಬಿಚ್ಚಿಟ್ಟ ಶೆಡ್ಡು

ಸೋಮವಾರ ಬೆಳಿಗ್ಗೆ ಠಾಣೆಯ ಬಾಗಿಲು ತೆರೆಯುತ್ತಿದ್ದಂತೆಯೇ ಬಡಗಿ ಬಂದು ನಿಂತಿದ್ದ. ಹೆಂಡತಿಯ ತವರಿಗೆ ಹೋಗಿ ಬರುವಷ್ಟರಲ್ಲಿ ಅವನ ಕೆಲಸದ ಶೆಡ್ಡು ನೆಲಸಮವಾಗಿತ್ತು. ಆ ಜಾಗ ತನ್ನದೆಂದು ಅವನು ಹೂಡಿದ್ದ ದಾವೆಯಲ್ಲಿ ಗುರುವಾರ ಕೋರ್ಟಿನ ಕಮಿಷನರ್ ಸ್ಥಳ ತನಿಖೆಗೆ ಬರುವವರಿದ್ದರು.

"ಜಾಗದ ಒಡತಿದೇ ಕೆಲಸ ಸಾರ್. ಶೆಡ್ಡು ಹೋದ್ರೆ ನನ್ನ ಕೇಸೂ ಹೋಯ್ತು, ಅನ್ನವೂ ಹೋಯ್ತು."

ಅತಿಕ್ರಮ ಪ್ರವೇಶ, ಆಸ್ತಿ ನಷ್ಟ ಎಂದು ಎಫ್‌ಐಆರ್ ದಾಖಲಿಸಿ ಇನ್‌ಸ್ಪೆಕ್ಟರ್ ಜೀಪು ಹತ್ತಿದರು. ಸಿವಿಲ್ ವ್ಯಾಜ್ಯವೆಂದರೆ ಠಾಣೆಗಳು ಕೈ ತೊಳೆದುಕೊಳ್ಳುವುದೇ ಹೆಚ್ಚು. ಇವರಿಗೆ ಆ ಜಾಣತನ ಬಂದಿರಲಿಲ್ಲ. ಹಿಡಿದದ್ದನ್ನು ಬಿಡುವ ಜಾಯಮಾನವೂ ಅಲ್ಲ.

ಪಂಚನಾಮೆ ಬರೆಸುತ್ತಿದ್ದಂತೆ ಅವರ ಹುಬ್ಬು ಗಂಟಿಕ್ಕಿತು. ಒಂದು ಹೆಂಚೂ ಒಡೆದಿರಲಿಲ್ಲ. ಕಂಬ, ತೊಲೆಗಳನ್ನು ಸಾಲಾಗಿ ಮಲಗಿಸಿದ್ದರು. ಮರದ ಬೆಣೆಗಳನ್ನು ಹೊರತೆಗೆದು, ಆಯಾ ಕಂಬಕ್ಕೇ ದಾರದಲ್ಲಿ ಕಟ್ಟಿದ್ದರು. ಉಳಿ, ಕೊಡತಿಗಳ ಮೇಲೆ ತಾಡಪಾಲು ಹೊದಿಸಿತ್ತು.

"ಕೆಡವಿದವ ಬೀಗರ ಮನೆ ಸಾಮಾನು ಸಾಗಿಸೋ ಹಾಗೆ ಮರ್ಯಾದೆ ಮಾಡಿದಾನೆ ಸಾರ್," ಎಂದ ಹೆಡ್ ಕಾನ್‌ಸ್ಟೇಬಲ್.

ಪಕ್ಕದ ಮನೆಯಲ್ಲೇ ಇದ್ದ ಒಡತಿ ನಿವೃತ್ತ ನರ್ಸು. ಸಿಟ್ಟು ಮೂಗಿನ ತುದಿಯಲ್ಲೇ ಇತ್ತು.

"ನಾನ್ಯಾಕೆ ಕೆಡವಲಿ? ಮಗಳ ಬಾಣಂತನ ಮುಗಿಸಿ ನಿನ್ನೆ ರಾತ್ರಿ ಬಂದಿದೀನಿ. ನಮ್ಮಪ್ಪ ಈ ಬಡಗಿಯ ಅಪ್ಪನಿಗೆ ಬಾಯಿಮಾತಲ್ಲಿ ಜಾಗ ಕೊಟ್ಟಿದ್ದು. ಸಾಕ್ಷಿ ಎಲ್ಲಿಂದ ತರಲಿ?"

ಅವಳ ಮಗಳಿಗೆ ಫೋನ್ ಮಾಡಿದರು, ಬಸ್ ಟಿಕೆಟ್ ನೋಡಿದರು. ಅವಳು ಹೇಳಿದ್ದು ನಿಜವಾಗಿತ್ತು.

ಬೀದಿಯಲ್ಲಿ ಕಾನ್‌ಸ್ಟೇಬಲ್‌ಗಳು ಮನೆಮನೆಗೂ ಹೋಗಿ, ಹೊರಗಿನವರು ಯಾರಾದರೂ ಬಂದಿದ್ದರೇ ಎಂದು ಕೇಳಿದರು. ಯಾರೂ ಬಂದಿಲ್ಲ ಎಂದೇ ಎಲ್ಲರ ಉತ್ತರ. ಮಧ್ಯಾಹ್ನ ಇನ್‌ಸ್ಪೆಕ್ಟರ್ ಎದುರಿನ ದರ್ಜಿಯನ್ನು ತಾವೇ ಕೇಳಿದರು.

"ಹೊರಗಿನವರು ಬೇಡ. ಬಡಗಿ ಮನೆಯವರು ಯಾರಾದ್ರೂ?"

"ಓ, ಅವನ ಚಿಕ್ಕಪ್ಪ ಬಂದಿದ್ರಲ್ಲ! ಶನಿವಾರ ಹಾಡಹಗಲೇ ಹೆಂಚು ಇಳಿಸ್ತಿದ್ರು. ರಿಪೇರಿ ಅಂದ್ಕೊಂಡೆ."

ಇನ್‌ಸ್ಪೆಕ್ಟರ್ ಬಡಗಿಯನ್ನು ಕಂಬಗಳ ಬಳಿಗೆ ಕರೆದರು.

"ಬೆಣೆ ಮುರೀದೆ ಹೀಗೆ ಬಿಚ್ಚೋದು ಯಾರಿಗೆ ಬರುತ್ತೆ?"

"ಅಪ್ಪನಿಗೆ ಬರ್ತಿತ್ತು. ನನಗೆ ಬರುತ್ತೆ."

"ನಿನಗೆ ಕಲಿಸಿದ್ದು ಯಾರು?"

ಬಡಗಿ ಬಗ್ಗಿ, ಬೆಣೆಗೆ ಕಟ್ಟಿದ್ದ ದಾರದ ಗಂಟನ್ನು ಮುಟ್ಟಿ ನೋಡಿದ. ಅಪ್ಪ ಸತ್ತಾಗ ಅವನಿನ್ನೂ ಚಿಕ್ಕವನು. ಉಳಿ ಹಿಡಿಯುವುದನ್ನು ಕಲಿಸಿ ಸಾಕಿದ್ದು ಚಿಕ್ಕಪ್ಪನೇ.

ಸಂಜೆ ಠಾಣೆಗೆ ಕರೆಸಿದಾಗ ಚಿಕ್ಕಪ್ಪ ಅಂಗಿ ಬದಲಿಸಿಕೊಂಡು ಬಂದ. ಸುತ್ತಿಬಳಸಿ ಮಾತಾಡಲಿಲ್ಲ.

"ಕೆಡವಿದ್ದು ನೀವಾ?"

"ಬಿಚ್ಚಿದೆ. ಅಣ್ಣ ಕಟ್ಟಿದ್ದು, ಮುರಿಯೋಕೆ ಕೈ ಬರ್ಲಿಲ್ಲ."

"ಯಾಕೆ?"

"ಅಪ್ಪಣೆ ಕೇಳಿ ಕೂತಿದ್ರೆ ಎಷ್ಟು ವರ್ಷ ಆದ್ರೂ ಜಾಗ ಸಿಗಲ್ಲವಂತೆ. ಒಡೆಯನನ್ನ ಧಿಕ್ಕರಿಸಿ ಕೂತಿದ್ರೆ ಸಿಗುತ್ತಂತೆ. ವಕೀಲರು ಹೇಳಿಕೊಟ್ರು, ಇವನು ಹಾಗೇ ಹೇಳಿದ. 'ನಮ್ಮಪ್ಪ ಯಾರನ್ನೂ ಕೇಳದೆ ಈ ಜಾಗ ಹಿಡಿದ' ಅಂತ. ನಾನು ಕೋರ್ಟಲ್ಲಿ ಹಿಂದೆ ಕೂತಿದ್ದೆ. ನಮ್ಮಣ್ಣ ಟೋಪಿ ತೆಗೆದು ಕೈಲಿ ಹಿಡ್ಕೊಂಡು ಆ ಜಾಗ ಕೇಳಿದ್ದ ಸಾರ್. ಪಕ್ಕದಲ್ಲಿ ನಾನೇ ನಿಂತಿದ್ದೆ."

"ಅದನ್ನ ಕೋರ್ಟಲ್ಲೇ ಹೇಳಬಹುದಿತ್ತಲ್ಲ?"

"ನಾನು ಸಾಕಿದ ಹುಡುಗನನ್ನ ಕಟಕಟೇಲಿ ನಿಂತು ಸುಳ್ಳ ಅನ್ನಲಾ? ಶೆಡ್ಡೇ ಇಲ್ಲದಿದ್ರೆ ಕೇಸೂ ಇರಲ್ಲ ಅಂದ್ಕೊಂಡೆ."

ಅವನ ದಡ್ಡತನಕ್ಕೆ ನಗಬೇಕೋ ಅಳಬೇಕೋ ಇನ್‌ಸ್ಪೆಕ್ಟರಿಗೆ ತಿಳಿಯಲಿಲ್ಲ.

ಮೂಲೆಯ ಬೆಂಚಿನಲ್ಲಿ ಕೂತು ಎಲ್ಲ ಕೇಳಿಸಿಕೊಂಡಿದ್ದ ಬಡಗಿ ಎದ್ದು ಬಂದ.

"ದೂರು ವಾಪಸ್ ತಗೋತೀನಿ ಸಾರ್. ಆ ಮಾತು ಬರೀಬೇಡಿ. ಒಡತಿ ಕಡೆ ವಕೀಲರಿಗೆ ಗೊತ್ತಾದ್ರೆ ಚಿಕ್ಕಪ್ಪನನ್ನ ಸಾಕ್ಷಿಗೆ ಎಳೀತಾರೆ. ನನ್ನ ಕತೆ ಮುಗೀತು."

"ಹೇಳಿದ್ದನ್ನ ಬರೀಲೇಬೇಕಪ್ಪ."

"ಬರ್ಕೊಳ್ಳಿ," ಎಂದ ಚಿಕ್ಕಪ್ಪ. "ಅಣ್ಣ ಕೇಳಿ ತಗೊಂಡ ಅಂತ ಸರಿಯಾಗಿ ಬರ್ಕೊಳ್ಳಿ."

ಇನ್‌ಸ್ಪೆಕ್ಟರ್ ಒಂದು ಮಾತನ್ನೂ ಬಿಡದೆ ಬರೆದರು. ಬಳಿಕ ದಸ್ತಗಿರಿಯ ಕಾಗದ ಮುಂದಿಟ್ಟುಕೊಂಡು ಕೇಳಿದರು.

"ನಿಮ್ಮ ಬಂಧನದ ವಿಷಯ ಮನೆಯವರಲ್ಲಿ ಯಾರಿಗೆ ತಿಳಿಸಬೇಕು?"

"ಇನ್ಯಾರಿದಾರೆ ಸಾರ್? ಇವನಿಗೇ."

ಬಡಗಿ ಪೆನ್ನು ತೆಗೆದುಕೊಂಡ. 'ಸಂಬಂಧ' ಎಂದಿದ್ದ ಕಡೆ 'ಮಗ' ಎಂದು ಬರೆದು ಸಹಿ ಹಾಕಿದ.