ಬೋಗುಣಿಯಲ್ಲಿ ತೇಲಿದ ಮೊಟ್ಟೆ

“ನಾನು ನಿಜವಾದ ಡಾಕ್ಟರೇ ಅಲ್ಲ ಕಣೇ!”

ಅಕ್ಕ ಫೋನಿನಲ್ಲಿ ಗೆಳತಿಗೆ ಹೇಳುತ್ತಿದ್ದಳು. ಒಂದೇ ಕಾಲಿಗೆ ಸಾಕ್ಸ್ ಹಾಕಿಕೊಂಡು ಬಾಗಿಲ ಹೊರಗೆ ನಿಂತಿದ್ದ ರೇಡಿಯೋ ಅಲ್ಲೇ ಕಲ್ಲಾಗಿಬಿಟ್ಟಳು.

ರೇಡಿಯೋ ಅಂದರೆ ಅವಳ ತಂಗಿ, ಐದನೇ ಕ್ಲಾಸು. ಬೆಳಿಗ್ಗೆ ಕಣ್ಣು ಬಿಟ್ಟಾಗ ಶುರುವಾದ ಮಾತು ರಾತ್ರಿ ಕಣ್ಣು ಮುಚ್ಚುವವರೆಗೂ ನಿಲ್ಲುವುದಿಲ್ಲ. ಅದಕ್ಕೇ ಮನೆಯವರು ಇಟ್ಟ ಹೆಸರು ಅದು. ಶಾಲೆಯಲ್ಲೂ ಅದೇ ಅಂಟಿಕೊಂಡಿದೆ.

“ಎಕ್ಸಾಮಲ್ಲಿ ನಾನು ಓದಿದ್ದೇ ಬಂತು, ಪಾಸಾದೆ, ಅಷ್ಟೇ,” ಎಂದಳು ಅಕ್ಕ. “ಆಸ್ಪತ್ರೇಲಿ ಯಾರಾದ್ರೂ ‘ಡಾಕ್ಟರೇ’ ಅಂದ್ರೆ, ಹಿಂದೆ ಯಾರಿದ್ದಾರೆ ಅಂತ ತಿರುಗಿ ನೋಡ್ತೀನಿ. ಕೋಟು ಹಾಕ್ಕೊಂಡು ನಾಟಕ ಆಡ್ತಿದ್ದೀನಿ ಅನ್ಸುತ್ತೆ. ಒಂದಿನ ಸಿಕ್ಕಿಬೀಳ್ತೀನಿ ನೋಡು.”

ಅಯ್ಯಯ್ಯೋ! ಅಕ್ಕ ಪ್ರಾಣಿಗಳ ಡಾಕ್ಟರ್ ಓದು ಮುಗಿಸಿ ಹೋದ ತಿಂಗಳಷ್ಟೇ ಕೆಲಸಕ್ಕೆ ಸೇರಿದ್ದಳು. ಹಾಗಾದರೆ ಅವಳು ನಕಲಿ ಡಾಕ್ಟರಾ? ಅದೂ ಇವತ್ತೇ ಗೊತ್ತಾಗಬೇಕಾ?

ಇವತ್ತು ಅಕ್ಕ ಶಾಲೆಗೆ ಬರುವವಳಿದ್ದಳು. ಕ್ಲಾಸಿನಲ್ಲಿ ಬಲ್ಬು ಹಾಕಿದ ಒಂದು ಪೆಟ್ಟಿಗೆಯಲ್ಲಿ ಬಾತುಕೋಳಿ ಮೊಟ್ಟೆಗಳನ್ನು ಇಟ್ಟಿದ್ದರು. ಮರಿಗಳೆಲ್ಲ ಹೊರಬಂದು ಪಿಳಿಪಿಳಿ ನೋಡುತ್ತಿದ್ದರೂ ಒಂದು ಮೊಟ್ಟೆ ಮಾತ್ರ ಸುಮ್ಮನೆ ಬಿದ್ದಿತ್ತು. “ಕೆಟ್ಟಿದೆ, ನಾಳೆ ಎಸೆಯೋಣ,” ಎಂದಿದ್ದರು ನಿನ್ನೆ ವಿಜ್ಞಾನದ ಮೇಷ್ಟ್ರು. “ಬೇಡ ಸರ್! ನಮ್ಮಕ್ಕ ಡಾಕ್ಟರ್, ಅವಳು ಬಂದು ನೋಡ್ತಾಳೆ!” ಎಂದು ಕೂಗಿದ್ದು ರೇಡಿಯೋ ಅಲ್ಲದೆ ಇನ್ಯಾರು?

“ಅಕ್ಕಾ, ನೀನು ಬರೋದು ಬೇಡ ಬಿಡು,” ಎಂದಳು ದಾರಿಯಲ್ಲಿ.

“ಯಾಕೇ? ನಿನ್ನೆ ಪ್ರಾಣ ತಿಂದು ಒಪ್ಪಿಸಿದೋಳು ನೀನೇ ತಾನೇ?”

ರೇಡಿಯೋ ತಲೆ ತಗ್ಗಿಸಿ ಬೇಗ ಬೇಗ ಮುಂದೆ ನಡೆದಳು.

ಮೇಷ್ಟ್ರು ಬಾಗಿಲಲ್ಲೇ ಕಾಯುತ್ತಿದ್ದರು. “ಬಾಮ್ಮ, ಬಾ. ಇವಳ ಮಾತು ಕಟ್ಕೊಂಡು ನಿನಗ್ಯಾಕೆ ಸುಮ್ನೆ ತೊಂದ್ರೆ.”

ಮುಂದಿನ ಬೆಂಚಿನಿಂದ ದಪ್ಪ ಕನ್ನಡಕದ ಹುಡುಗ ಎದ್ದು ನಿಂತ. ಅವನನ್ನು ಎಲ್ಲರೂ ಸೋಡಾಗ್ಲಾಸ್ ಎಂದೇ ಕರೆಯುವುದು. “ನೀವು ನಿಜವಾದ ಡಾಕ್ಟರಾ? ನೋಡಿದ್ರೆ ಕಾಲೇಜ್ ಹುಡುಗಿ ಥರ ಇದ್ದೀರ.”

ಅಕ್ಕನ ಮುಖ ಬಿಳಿಚಿಕೊಂಡಿತು.

“ನಿಜವಾದ ಡಾಕ್ಟರೇ!” ರೇಡಿಯೋ ಕಿರುಚಿದಳು. ಪಕ್ಕದ ಕ್ಲಾಸಿನ ಟೀಚರ್ ಇಣುಕಿ ನೋಡಿ ಹೋದರು.

ಅಕ್ಕ ಕಿಟಕಿಯ ಪರದೆ ಎಳೆದಳು. ಮೊಟ್ಟೆಯನ್ನು ಎತ್ತಿ, ದಪ್ಪ ತುದಿಗೆ ಟಾರ್ಚ್ ಹಿಡಿದಳು. ಅಲ್ಲಿಷ್ಟು ಜಾಗ ಕಿತ್ತಳೆ ಬಣ್ಣಕ್ಕೆ ತಿರುಗಿತು. ಉಳಿದದ್ದೆಲ್ಲ ಕಪ್ಪು. ಏನೂ ಅಲುಗಾಡಲಿಲ್ಲ.

“ನಾನು ಹೇಳ್ಲಿಲ್ವಾ?” ಎಂದರು ಮೇಷ್ಟ್ರು. “ಕೆಟ್ಟಿದೆ.”

“ಇರಬಹುದು ಸರ್,” ಎಂದಳು ಅಕ್ಕ. “ನನಗೆ ಗ್ಯಾರಂಟಿ ಇಲ್ಲ.”

ಮುಗೀತು ಕತೆ, ಎಂದುಕೊಂಡಳು ರೇಡಿಯೋ. ಯಾವ ಡಾಕ್ಟರ್ ಹೀಗೆ ಹೇಳುತ್ತಾರೆ? ಅವಳಿಗೆ ಬೆಂಚಿನ ಕೆಳಗೆ ತೂರಿಕೊಳ್ಳಬೇಕು ಅನ್ನಿಸಿತು.

“ಗ್ಯಾರಂಟಿ ಇಲ್ದೇ ಎಸೆಯೋಕೆ ಮನಸ್ಸು ಬರ್ತಿಲ್ಲ,” ಎಂದಳು ಅಕ್ಕ. “ಒಂದು ಬೋಗುಣಿ ಉಗುರುಬೆಚ್ಚಗಿನ ನೀರು ಸಿಗುತ್ತಾ?”

ನೀರು ಬಂತು. ಅಕ್ಕ ಅದರಲ್ಲಿ ಮಣಿಕಟ್ಟು ಅದ್ದಿ ನೋಡಿ ತುಸು ತಣ್ಣೀರು ಬೆರೆಸಿದಳು, ಮತ್ತೆ ಅದ್ದಿದಳು. ಮೊಟ್ಟೆಯನ್ನು ತಿರುಗಿಸಿ ತಿರುಗಿಸಿ, ಎಲ್ಲಾದರೂ ಬಿರುಕಿದೆಯೇ ಎಂದು ನೋಡಿದಳು. “ಬಿರುಕಿದ್ರೆ ನೀರು ಒಳಗೆ ಹೋಗಿಬಿಡುತ್ತೆ,” ಎಂದು ತನ್ನಷ್ಟಕ್ಕೇ ಗೊಣಗಿಕೊಂಡು ಇನ್ನೊಂದು ಸಲ ನೋಡಿದಳು. ಆಮೇಲೆ ಮೆಲ್ಲಗೆ ನೀರಿಗೆ ಬಿಟ್ಟಳು.

ಮೊಟ್ಟೆ ದಪ್ಪ ತುದಿ ಮೇಲೆ ಮಾಡಿಕೊಂಡು ತೇಲಿತು.

“ಒಳಗೆ ಮರಿ ಬದುಕಿದ್ರೆ ಮೊಟ್ಟೆ ತಾನಾಗೇ ಅಲುಗುತ್ತೆ. ಮೇಜು ಮುಟ್ಟಬೇಡಿ. ಜೋರಾಗಿ ಉಸಿರೂ ಬಿಡಬೇಡಿ, ನೀರು ಅಲುಗುತ್ತೆ.” ಹಾಗೆಂದು ಅಕ್ಕ ತನ್ನ ಕೈಯನ್ನೂ ಮೇಜಿನಿಂದ ಹಿಂದಕ್ಕೆ ತೆಗೆದುಕೊಂಡಳು.

ನೀರು ನಿಂತಿತು. ಮೊಟ್ಟೆಯೂ ನಿಂತಿತು. ಇಡೀ ಕ್ಲಾಸು ಬೋಗುಣಿಯ ಸುತ್ತ ಬಗ್ಗಿತ್ತು. ಏನೂ ಆಗಲಿಲ್ಲ. ಬೆಲ್ ಹೊಡೆಯಿತು. ಆಟದ ಪಿರಿಯಡ್! ಆದರೂ ಒಬ್ಬರೂ ಕದಲಲಿಲ್ಲ.

“ಇನ್ನು ಸಾಕೇನಮ್ಮ?” ಮೇಷ್ಟ್ರು ಪಿಸುಗುಟ್ಟಿದರು.

“ಇನ್ನೊಂಚೂರು ಹೊತ್ತು ಸರ್. ಪ್ಲೀಸ್.”

ಆಗ ಮೊಟ್ಟೆ ಅಲುಗಿತು.

ಒಂದೇ ಸಲ, ತಲೆಯಾಡಿಸಿದ ಹಾಗೆ. ಅದರ ಸುತ್ತ ಪುಟ್ಟದೊಂದು ಅಲೆ ಎದ್ದು, ದೊಡ್ಡದಾಗುತ್ತಾ ಹೋಗಿ ಬೋಗುಣಿಯ ಅಂಚಿಗೆ ತಾಗಿತು.

ಯಾರೂ ಮುಟ್ಟಿರಲಿಲ್ಲ. ಯಾರೂ ಊದಿರಲಿಲ್ಲ. ಆ ಚಿಪ್ಪಿನೊಳಗಿನ ಕತ್ತಲಲ್ಲಿ, ಈವರೆಗೆ ಯಾರೂ ಕಂಡಿರದ ಒಂದು ಜೀವ ಮಗ್ಗುಲು ಬದಲಿಸಿತ್ತು.

ಸೋಡಾಗ್ಲಾಸ್‌ನ ಕನ್ನಡಕ ಮೂಗಿನ ತುದಿಗೆ ಜಾರಿತ್ತು. ಮೇಷ್ಟ್ರು ಬಾಯಿಯ ಮೇಲೆ ಕೈ ಇಟ್ಟುಕೊಂಡಿದ್ದರು. ರೇಡಿಯೋ ಬಾಯಿ ತೆರೆದಳು, ಆದರೆ ಒಂದು ಮಾತೂ ಬರಲಿಲ್ಲ. ಮೈಯೆಲ್ಲ ಜುಮ್ಮೆಂದು, ಯಾಕೋ ಅಳು ಬರುವ ಹಾಗಾಯಿತು.

ಅಕ್ಕ ಮೊಟ್ಟೆಯನ್ನು ಮೆತ್ತನೆ ಬಟ್ಟೆಯಲ್ಲಿ ಒತ್ತಿ ಒರೆಸಿ ಪೆಟ್ಟಿಗೆಗೆ ಸೇರಿಸಿದಳು. “ಬರ್ತೀನಿ ಸರ್,” ಎಂದು ಚೀಲ ಎತ್ತಿಕೊಂಡು ಹೊರಟಳು. ಅವಳನ್ನು ಬೀಳ್ಕೊಡಲು ರೇಡಿಯೋ ಮೆಟ್ಟಿಲವರೆಗೂ ಹೋದಳು.

“ಭಯ ಆಯ್ತಾ ಅಕ್ಕಾ?”

“ಆಗದೇ ಇರುತ್ತಾ? ಈಗ್ಲೂ ಆಗ್ತಿದೆ. ಮರಿ ಹೊರಗೆ ಬಂದ ಮೇಲೇ ಖಾತ್ರಿ.”

“ಡಾಕ್ಟರೇ!” ಹಿಂದಿನಿಂದ ಮೇಷ್ಟ್ರ ದನಿ ಬಂತು. “ಡಾಕ್ಟರೇ, ಒಂದ್ನಿಮಿಷ!”

ಅಕ್ಕ ಎಡಕ್ಕೆ ನೋಡಿದಳು, ಬಲಕ್ಕೆ ನೋಡಿದಳು. ಅಲ್ಲಿ ಬೇರೆ ಯಾರೂ ಇರಲಿಲ್ಲ.

ರೇಡಿಯೋ ಅವಳ ತೋಳು ಜಗ್ಗಿದಳು. “ನಿನ್ನನ್ನೇ ಅಕ್ಕಾ.”

ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. “ಪೆಟ್ಟಿಗೆ ಒಳಗೆ ಒಣಗಿದ ಹಾಗಿದೆ. ಏನು ಮಾಡ್ಲಿ ಹೇಳಿ.”

“ಒದ್ದೆ ಬಟ್ಟೆ ಇಡಿ ಸರ್, ಸಾಕು,” ಎಂದು ಅಕ್ಕ ಎರಡು ಮೆಟ್ಟಿಲು ಇಳಿದಳು. ಅಲ್ಲೇ ನಿಂತಳು. “ಇಲ್ಲ, ಇರಿ. ನಾನೇ ಇನ್ನೊಂದ್ಸಲ ನೋಡಿಬಿಡ್ತೀನಿ.” ಚೀಲವನ್ನು ರೇಡಿಯೋ ಕೈಗೆ ಕೊಟ್ಟು, ಮತ್ತೆ ಮೆಟ್ಟಿಲು ಹತ್ತಿ ಒಳಗೆ ಹೋದಳು.

ಮೈದಾನದಿಂದ ಗೆಳತಿಯರು ಆಟಕ್ಕೆ ಕೂಗುತ್ತಿದ್ದರು. ರೇಡಿಯೋ ಹೋಗಲಿಲ್ಲ. ಅಕ್ಕನ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಸದ್ದು ಮಾಡದೆ ಮೆಟ್ಟಿಲ ಮೇಲೆ ಕುಳಿತಳು. ಅಕ್ಕ ನೋಡಲಿ, ಬೇಕಾದಷ್ಟು ಹೊತ್ತು ನೋಡಲಿ.